ಕೆಳಗಿಳಿಯದ ಬಿಲ್ಲೆ

ಜೂನ್ 9

ಅಕ್ಕಾ,

ಫೋನ್ ಮಾಡದೆ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಇಲ್ಲಿ ಫೋನು ಕೈಗೆ ಸಿಗುವುದು ಭಾನುವಾರ ಮಾತ್ರ, ಅದೂ ವಾರ್ಡನ್ ಮೇಜಿನ ಎದುರು ನಿಂತೇ ಮಾತಾಡಬೇಕು. ಕಾಗದ ಬರೆಯುವವರು ಈ ಕಾಲದಲ್ಲೂ ಇದ್ದಾರೆ ಅನ್ನುವುದು ಆಕೆಗೆ ಹೊಳೆದಿಲ್ಲ. ಹಾಗಾಗಿ ಅದಕ್ಕೆ ಕಟ್ಟುಪಾಡೂ ಇಲ್ಲ. ಉತ್ತರವನ್ನು ಬೀದಿ ಮೂಲೆಯ ದಾರದಂಗಡಿಯ ವಿಳಾಸಕ್ಕೆ ಹಾಕು. ಅಂಗಡಿಯಾಕೆ ನಮ್ಮ ಪಕ್ಷ.

ಕೆಲಸ ಒಗ್ಗಿದೆ. ಬೆಳಗಿನಿಂದ ಸಂಜೆವರೆಗೆ ಅಂಗಿಗಳಿಗೆ ಕಾಲರ್ ಹಚ್ಚುತ್ತೇನೆ. ಈಗ ಯಾರನ್ನು ನೋಡಿದರೂ ಮುಖಕ್ಕಿಂತ ಮೊದಲು ಕತ್ತು ಕಾಣುತ್ತದೆ. ನನ್ನ ಕೋಣೆಯವಳದು ಉದ್ದ ಕತ್ತು, ಅದಕ್ಕೇ ಕೊಕ್ಕರೆ ಎಂದು ಕರೆಯುತ್ತೇವೆ. ಕಾಜಾ ಯಂತ್ರದಲ್ಲಿ ಗುಂಡಿಯ ತೂತು ಹೊಲಿಯುತ್ತಾಳೆ. ಇಬ್ಬರ ಊಟ ಒಬ್ಬಳೇ ಮಾಡಿ ನನ್ನ ತಟ್ಟೆಗೂ ಕೈ ಹಾಕುತ್ತಾಳೆ, ಆದರೂ ಕಡ್ಡಿಯ ಹಾಗಿದ್ದಾಳೆ. ಈಚೆಗೆ ಕೈ ನಡುಗಿ ಕಾಜಾ ಓರೆಯಾಗುತ್ತಿದೆ ಎಂದು ಸೂಪರ್‌ವೈಸರ್ ಹತ್ತಿರ ಬೈಸಿಕೊಳ್ಳುತ್ತಾಳೆ. ಮದುವೆ ಗೊತ್ತಾಗಿದೆ, ಅದರ ನಡುಕ ಎಂದು ನಾವೆಲ್ಲ ಕಾಡಿಸುತ್ತೇವೆ.

ಹಾಸ್ಟೆಲಿನಲ್ಲಿ ವಾರ್ಡನ್ನರನ್ನು ಅಮ್ಮ ಅನ್ನಬೇಕು, ಅದು ನಿಯಮ. ಬೆನ್ನ ಹಿಂದೆ ಕೀಲಿಗೊಂಚಲು ಅನ್ನುತ್ತೇವೆ, ಅದು ನಮ್ಮ ನಿಯಮ. ಆಕೆಯ ಕೋಣೆಯ ಬಾಗಿಲಿನ ಮೇಲೆ ಒಂದು ಹಲಗೆ ಇದೆ. ಅದರಲ್ಲಿ ಎರಡು ಸಾಲು ಕೊಕ್ಕೆ, ಮಂಚಕ್ಕೊಂದರಂತೆ ತಗಡಿನ ಬಿಲ್ಲೆ. ತಿಂಗಳ ಶುರುವಿಗೆ ಎಲ್ಲ ಬಿಲ್ಲೆಗಳೂ ಮೇಲಿನ ಸಾಲಿನಲ್ಲಿರುತ್ತವೆ. ಮುಟ್ಟಾದವಳು ಸ್ಟೂಲ್ ಹತ್ತಿ ತನ್ನ ಬಿಲ್ಲೆಯನ್ನು ಕೆಳಗಿನ ಕೊಕ್ಕೆಗೆ ಇಳಿಸಬೇಕು. ಆಮೇಲೆ ಸ್ಟೋರಿನಿಂದ ಒಂದು ಪೊಟ್ಟಣ ಪ್ಯಾಡ್ ಸಿಗುತ್ತದೆ. ಕಾರ್ಖಾನೆಯವರು ಧರ್ಮಕ್ಕೆ ಕೊಡುವುದು, ಆದ್ದರಿಂದ ಯಾರೂ ಬೇಡ ಅನ್ನುವುದಿಲ್ಲ. ತಿಂಗಳ ಕೊನೆಗೆ ಯಾರ ಬಿಲ್ಲೆ ಮೇಲೆಯೇ ಉಳಿದಿದೆಯೋ ಅವರನ್ನು ಅಮ್ಮ ಒಳಗೆ ಕರೆಯುತ್ತಾರೆ.

ನಿನ್ನ ಹತ್ತಿರ ಒಂದು ಕೇಳಬೇಕಾಗಿತ್ತು. ನನಗಲ್ಲ, ಒಬ್ಬ ಸ್ನೇಹಿತೆಗೆ. ಮುಟ್ಟು ಬಹಳ ಮುಂದೆ ಹೋಗಿದೆ. ಏನಿರಬಹುದು? ಹೆಸರು ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಬೇಗ ಬರೆ.

ಗುಬ್ಬಿ


ಜೂನ್ 17

ಗುಬ್ಬೀ,

ಆಸ್ಪತ್ರೆಯ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ನಾನು ಕೂರುವ ಹೆಂಗಸರ ವಿಭಾಗಕ್ಕೆ ಬರುವ ಹುಡುಗಿಯರೆಲ್ಲ ಸ್ನೇಹಿತೆಗಾಗಿಯೇ ಬರುತ್ತಾರೆ. ಯಾವ ಸ್ನೇಹಿತೆ ಎಂದು ನಾನು ಯಾರನ್ನೂ ಕೇಳುವುದಿಲ್ಲ, ನಿನ್ನನ್ನೂ ಕೇಳುವುದಿಲ್ಲ.

ನಿನ್ನ ಸ್ನೇಹಿತೆಗೆ ಹೇಳು: ಮೊದಲು ಔಷಧದಂಗಡಿಯಲ್ಲಿ ಗರ್ಭ ಪರೀಕ್ಷೆಯ ಪಟ್ಟಿ ತಂದು, ಬೆಳಗಿನ ಮೊದಲ ಮೂತ್ರದಲ್ಲಿ ನೋಡಿಕೊಳ್ಳಲಿ. ಬಸಿರಾಗಿದ್ದರೆ ಅಡಗಿಸಿಟ್ಟುಕೊಂಡು ಕೂರಬಾರದು, ಯಾರೋ ಹೇಳಿದರೆಂದು ಅಂಗಡಿಯ ಗುಳಿಗೆ ನುಂಗಬಾರದು. ಮುಂದುವರಿಸುವುದೋ ಬೇಡವೋ ಅವಳು ನಿರ್ಧರಿಸುವ ವಿಷಯ, ಎರಡಕ್ಕೂ ವೈದ್ಯರಿದ್ದಾರೆ, ತಡವಾದಷ್ಟೂ ಕಷ್ಟ. ಜೊತೆಗಿದ್ದವನು ಯಾರೇ ಆಗಿರಲಿ, ಅವನ ಪಾಲೂ ಇದೆ. ಇನ್ನು ಮುಂದಕ್ಕಾದರೂ ಕಾಂಡೋಮ್ ಇಲ್ಲದೆ ಬೇಡ. ಬಸಿರು ತಡೆಯುವುದರ ಜೊತೆಗೆ ರೋಗವನ್ನೂ ತಡೆಯುವುದು ಅದೊಂದೇ.

ಮನೆಯಲ್ಲಿ ಅಮ್ಮನಿಗೆ ನಾನು ಏನೂ ಹೇಳುವುದಿಲ್ಲ. ರಜೆ ಹಾಕಿ ಬಂದುಬಿಡು. ಬೈಯುವುದಿಲ್ಲ ಕಣೇ.

ನಾನು ಚೆನ್ನಾಗಿದ್ದೇನೆ. ಹದಿನೆಂಟು ದಾಟಿದವರಿಗೆಂದು ಪ್ರತಿ ಗುರುವಾರ ಒಂದು ಆರೋಗ್ಯ ತರಗತಿ ಶುರು ಮಾಡಿದ್ದೇನೆ, ದೇಹದ ವಿಷಯ, ಮುಟ್ಟು, ಗರ್ಭ ತಡೆ, ಒಪ್ಪಿಗೆ ಎಲ್ಲ. ಚೆನ್ನಾಗಿ ನಡೆಯುತ್ತಿದೆ.

ಅಕ್ಕ


ಜುಲೈ 2

ಅಕ್ಕಾ,

ನಾನಲ್ಲ. ನಾನು ಎಂದು ನೀನು ಹೇಗೆ ಅಂದುಕೊಂಡೆ? ಕೊಕ್ಕರೆಗಾಗಿ ಕೇಳಿದ್ದೆ. ಈಗ ಹೆಸರು ಮುಚ್ಚಿಡುವ ಅಗತ್ಯವೇ ಇಲ್ಲ, ಊರಿಗೆಲ್ಲ ಗೊತ್ತಾಗಿದೆ.

ನಿನ್ನ ಕಾಗದ ಬಂದ ದಿನ ಅದನ್ನು ಓದಿ ನಾನೂ ಅವಳನ್ನು ಕೇಳಿಬಿಟ್ಟೆ, ಯಾರು ಅವನು ಎಂದು. ಅವಳು ಆ ದಿನ ನನ್ನ ತಟ್ಟೆಗೆ ಕೈ ಹಾಕಲಿಲ್ಲ.

ತಿಂಗಳ ಕೊನೆಯ ದಿನ ಕೀಲಿಗೊಂಚಲು ಅವಳನ್ನು ಒಳಗೆ ಕರೆಯಲಿಲ್ಲ. ಊಟದ ಹಾಲಿಗೇ ಬಂದು, ಎಲ್ಲರ ಮುಂದೆ, ನಿನ್ನ ಬಿಲ್ಲೆ ಯಾಕೆ ಇಳಿದಿಲ್ಲ ಎಂದು ಕೇಳಿದರು. ಕೊಕ್ಕರೆಯ ಕೈಯಲ್ಲಿದ್ದ ಲೋಟ ನಡುಗುತ್ತಿತ್ತು. ಆಕೆ ಅದನ್ನೂ ನಮಗೆ ತೋರಿಸಿದರು, ನೋಡಿ ನಡುಕ, ನೋಡಿ ತಟ್ಟೆ ತುಂಬ ಊಟ, ಇನ್ನೇನು ಬೇಕು ಎಂದು. ಪರೀಕ್ಷೆ ಮಾಡಿಸೋಣ ಅಮ್ಮ ಎಂದು ನಾನು ಎದ್ದು ನಿಂತು ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಮೂರು ಹೆತ್ತಿದ್ದೀನಿ, ನನಗೆ ಯಾವ ಪರೀಕ್ಷೆಯೂ ಬೇಡ," ಅಂದರು.

ಕೊಕ್ಕರೆ ಹೇಳಿದ್ದು ಒಂದೇ ಮಾತು: "ನನಗೆ ಯಾರೂ ಇಲ್ಲಮ್ಮ."

ಅದಕ್ಕೆ ಆಕೆ ಅಂದದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ, ನೀನೂ ಮರೆಯಬಾರದು. "ಗಂಡಸಿಲ್ಲದೆ ನಿಲ್ಲೋದು ಗಡಿಯಾರ ಒಂದೇ ಕಣೇ." ಯಾರೋ ನಕ್ಕರು. ನಕ್ಕವರಲ್ಲಿ ನನ್ನ ಪಕ್ಕದವಳೂ ಇದ್ದಳು.

ಅಂದೇ ಅವಳ ಅಪ್ಪನಿಗೆ ಫೋನ್ ಹೋಯಿತು. ಅಷ್ಟಕ್ಕೇ ಬಿಡದೆ ಗಂಡಿನ ಮನೆಗೂ ಹೋಯಿತು. ಸಂಜೆಯೊಳಗೆ ಮದುವೆ ಮುರಿಯಿತು, ಮನೆಗೆ ಬರಬೇಡ ಎಂದು ಅಪ್ಪ ಹೇಳಿದ. ಪೆಟ್ಟಿಗೆ ಗೇಟಿನ ಹೊರಗಿತ್ತು. ಅದನ್ನು ಬಸ್ಸಿನವರೆಗೆ ಹೊತ್ತು ತಂದವರು ಸ್ಟೋರ್ ಮಾವ, ಅಂದರೆ ಕೀಲಿಗೊಂಚಲಿನ ಗಂಡ. ಸ್ಟೋರು ನೋಡಿಕೊಳ್ಳುತ್ತಾರೆ, ನಮ್ಮ ನಲ್ಲಿ ಬಲ್ಬು ರಿಪೇರಿ ಮಾಡುತ್ತಾರೆ, ಹಾಸ್ಟೆಲಿನ ಒಳಗೆ ಕಾಲಿಡಬಹುದಾದ ಗಂಡಸು ಅವರೊಬ್ಬರೇ. ಪಾಪದ ಮನುಷ್ಯ. ಬಸ್ಸು ಹೊರಡುವವರೆಗೆ ಅವರೂ ನನ್ನ ಜೊತೆ ಅಲ್ಲೇ ನಿಂತಿದ್ದರು.

ಅವಳ ಕೈಗೆ ನಿನ್ನ ವಿಳಾಸ ಕೊಟ್ಟು ಕಳಿಸಿದ್ದೇನೆ. ಇವತ್ತು ನಾಳೆಯಲ್ಲಿ ತಲುಪುತ್ತಾಳೆ. ಮರುದಿನ ನೋಡಿದರೆ ಅವಳ ಕೊಕ್ಕೆಯಲ್ಲಿ ಬಿಲ್ಲೆ ಇರಲಿಲ್ಲ. ಕೀಲಿಗೊಂಚಲು ಕಸದ ಬುಟ್ಟಿಯವರೆಗೂ ಹುಡುಕಿಸಿದರು, ಸಿಗಲಿಲ್ಲ.

ಅಕ್ಕಾ, ನಾನು ಜಗಳವಾಡುವವಳಲ್ಲ, ನಿನಗೆ ಗೊತ್ತು. ಎದುರು ನಿಂತರೆ ಬಾಯಿ ಒಣಗುತ್ತದೆ. ಆದರೆ ಆಕೆಯನ್ನು ಸುಮ್ಮನೆ ಬಿಡುವುದಿಲ್ಲ. ಹೇಗೆ ಎಂದು ಮಾತ್ರ ಇನ್ನೂ ಗೊತ್ತಿಲ್ಲ.

ಗುಬ್ಬಿ


ಜುಲೈ 15

ಗುಬ್ಬೀ,

ಬಂದಿದ್ದಾಳೆ, ನನ್ನ ಜೊತೆಗೇ ಇದ್ದಾಳೆ. ಗರ್ಭ ಪರೀಕ್ಷೆ ಮಾಡಿಸಿದೆವು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಹಿಡಿಯಿತು. ಬಸಿರಿಲ್ಲ.

ಆಮೇಲೆ ರಕ್ತ ಪರೀಕ್ಷೆ. ಅವಳಿಗೆ ಥೈರಾಯ್ಡ್ ಜಾಸ್ತಿಯಾಗಿದೆ. ಕತ್ತಿನಲ್ಲಿರುವ ಒಂದು ಗ್ರಂಥಿ ಮೈಯನ್ನು ಸಿಕ್ಕಾಪಟ್ಟೆ ಓಡಿಸುತ್ತಿದೆ. ಎಷ್ಟು ತಿಂದರೂ ಕರಗುವುದು, ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಮುಟ್ಟು ನಿಲ್ಲುವುದು ಎಲ್ಲ ಅದರ ಕೆಲಸ. ದಿನಾ ಗುಳಿಗೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ವಾಸಿಯಾಗುವ ಕಾಯಿಲೆ.

ನಿನ್ನ ಮೊದಲ ಕಾಗದದಲ್ಲೇ ಎಲ್ಲ ಇತ್ತು. ಕೊಕ್ಕರೆಯನ್ನು ಒಂದು ಕಡೆ ಬರೆದಿದ್ದೆ, ಸ್ನೇಹಿತೆಯನ್ನು ಇನ್ನೊಂದು ಕಡೆ. ಇಬ್ಬರನ್ನೂ ನಾನು ಕೂಡಿಸಿ ನೋಡಲಿಲ್ಲ.

ಅವಳ ಅಪ್ಪ ನಿನ್ನೆ ಬಂದಿದ್ದ. ಒಳಗೆ ಬರಲಿಲ್ಲ, ಔಷಧದ ಕಿಟಕಿಯ ಹತ್ತಿರವೇ ನಿಂತು, ಮಗಳು ಒಳ್ಳೆಯವಳು ಎಂದು ಡಾಕ್ಟರ ಸಹಿ ಹಾಕಿದ ಚೀಟಿ ಬೇಕು, ಗಂಡಿನ ಮನೆಗೆ ತೋರಿಸಬೇಕು ಅಂದ. ರೋಗಕ್ಕೆ ಚೀಟಿ ಕೊಡುತ್ತೇವೆ, ನಡತೆಯ ಚೀಟಿ ಇಲ್ಲಿ ಸಿಗುವುದಿಲ್ಲ ಎಂದು ಹೇಳಿ ಕಳಿಸಿದೆ. ಅವಳು ಪರದೆಯ ಹಿಂದೆ ನಿಂತು ಕೇಳಿಸಿಕೊಂಡಳು. ಅಳಲಿಲ್ಲ. ನನಗೆ ಅದೇ ಹೆದರಿಕೆ.

ನೀನು ಏನೂ ಮಾಡಿಕೊಳ್ಳಬೇಡ. ವಾರ್ಡನ್ ಮಾಡಿದ್ದು ತಪ್ಪು, ಆದರೆ ಆಕೆಗೂ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ. ಮುಟ್ಟು ನಿಲ್ಲುವ ಕಾರಣಗಳನ್ನು ಸುಲಭದ ಮಾತಿನಲ್ಲಿ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಆಕೆಗೆ ಕೊಟ್ಟು ಓದಿಸು. ಅಷ್ಟು ಸಾಕು.

ಅಕ್ಕ


ಆಗಸ್ಟ್ 1

ಅಕ್ಕಾ,

ಹಾಳೆಯನ್ನು ಓದಿ ಹೇಳಿದ್ದಾಯಿತು. ಆಕೆಗಲ್ಲ.

ಭಾನುವಾರ ಬಟ್ಟೆ ಒಣಗಿಸಲು ಎಲ್ಲರೂ ತಾರಸಿಗೆ ಬರುತ್ತೇವೆ. ಒದ್ದೆ ಚಾದರಗಳ ನಡುವೆ ಕೂತರೆ ಕೆಳಗಿನಿಂದ ಕಾಣುವುದಿಲ್ಲ. ಮೊದಲ ವಾರ ನಾಲ್ಕೈದು ಜನರಿಗೆ ಓದಿ ಹೇಳಿದೆ. ಬಸಿರು ಒಂದು ಕಾರಣ, ಒಂದೇ ಕಾರಣವಲ್ಲ. ಊಟ ಬಿಟ್ಟರೆ, ಮೈ ಇಳಿದರೆ, ರಾತ್ರಿ ಪಾಳಿ ಮಾಡಿದರೆ, ಚಿಂತೆ ಹಿಡಿದರೆ, ಗ್ರಂಥಿಗಳು ಏರುಪೇರಾದರೆ, ಕೆಲವು ಔಷಧಿ ತಿಂದರೆ ಮುಟ್ಟು ತಡವಾಗುತ್ತದೆ ಎಂದು ನೀನು ಬರೆದಿದ್ದೆಯಲ್ಲ, ಅಲ್ಲಿಗೆ ಬರುವಾಗ ಇಸ್ತ್ರಿ ವಿಭಾಗದವಳು ಎದ್ದು ಆಚೆ ಹೋಗಿ ಮುಖ ತೊಳೆದುಕೊಂಡು ಬಂದಳು. ಹೋದ ವರ್ಷ ಅವಳ ಬಿಲ್ಲೆಯೂ ಎರಡು ತಿಂಗಳು ಇಳಿದಿರಲಿಲ್ಲವಂತೆ. ಪ್ರತಿ ದಿನ ಬಾಗಿಲ ಹತ್ತಿರ ಹೋಗಿ ವಾಪಸು ಬರುತ್ತಿದ್ದಳಂತೆ. ಕೊನೆಗೆ ಬೆರಳು ಚುಚ್ಚಿಕೊಂಡು, ಬಟ್ಟೆಗೆ ರಕ್ತ ಹಚ್ಚಿ, ಸುಳ್ಳೇ ಇಳಿಸಿದಳಂತೆ.

ಎರಡನೆಯ ವಾರ ತಾರಸಿ ತುಂಬಿತು. ಕಾಗದ ಓದುವವಳು ನಾನಾದ್ದರಿಂದ ಎಲ್ಲರೂ ನನ್ನನ್ನೇ ಕೇಳುತ್ತಾರೆ, ನಾನೇ ಡಾಕ್ಟರಾದ ಹಾಗೆ. ನನಗೆ ಗೊತ್ತಿಲ್ಲದ್ದನ್ನು ನಿನಗೆ ಕಳಿಸುತ್ತಿದ್ದೇನೆ. ಮೊದಲ ಸಲ ಸೇರಿದರೆ ಬಸಿರಾಗುವುದಿಲ್ಲ ಎನ್ನುವುದು ನಿಜವೇ? ಬಿಳಿ ಹೋಗುವುದು ಯಾವಾಗ ಕಾಯಿಲೆ? ಬಸಿರು ತಡೆಯುವ ತುರ್ತು ಗುಳಿಗೆಯನ್ನು ಪ್ರತಿ ಸಲ ನುಂಗಬಹುದೇ? ಗಂಡ ಕೇಳಿದಾಗ ಬೇಡ ಅನ್ನಬಹುದೇ? ಗಿರಣಿ ಎಂದು ಒಬ್ಬಳಿದ್ದಾಳೆ, ಬಾಯಿ ನಿಲ್ಲಿಸಿದ್ದನ್ನು ಯಾರೂ ನೋಡಿಲ್ಲ. ಅವಳ ಪ್ರಶ್ನೆ: "ಕೀಲಿಗೊಂಚಲು ಮೂರು ಹೆತ್ತದ್ದು ಹೇಗೆ ಅಂತ ನಿಮ್ಮಕ್ಕ ಹೇಳಬಲ್ಲರಾ? ಆಕೆಗಂತೂ ಗೊತ್ತಿದ್ದ ಹಾಗಿಲ್ಲ."

ವರ್ಷಕ್ಕೊಮ್ಮೆ ಆಕೆಯೂ ನಮಗೆ ಆರೋಗ್ಯದ ಪಾಠ ಮಾಡುತ್ತಾರೆ. ಕೈ ತೊಳೆಯುವುದು ಹೇಗೆ ಎಂದು ಹೇಳಿ, ಹುಡುಗಿಯರು ಹುಷಾರಾಗಿರಬೇಕು ಎಂದು ಮುಗಿಸುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಯಾವುದರಿಂದ ಹುಷಾರು ಎಂದು ಇವತ್ತಿನವರೆಗೆ ಹೇಳಿಲ್ಲ.

ಬೇಗ ಬರೆ. ಒಂದು ಯೋಚನೆ ಬರುತ್ತಿದೆ.

ಗುಬ್ಬಿ


ಆಗಸ್ಟ್ 12

ಗುಬ್ಬೀ,

ನಿಜವಲ್ಲ, ಮೊದಲ ಸಲವೂ ಬಸಿರಾಗಬಹುದು. ವಾಸನೆ, ತುರಿಕೆ, ಬಣ್ಣ ಇಲ್ಲದ ಬಿಳಿಗೆ ಹೆದರಬೇಕಾಗಿಲ್ಲ, ಅವು ಇದ್ದರೆ ತೋರಿಸಬೇಕು. ತುರ್ತು ಗುಳಿಗೆ ಹೆಸರೇ ಹೇಳುವಂತೆ ತುರ್ತಿಗೆ. ದಿನಬಳಕೆಗೆ ಬೇರೆ ವಿಧಾನಗಳಿವೆ, ವಿವರ ಹಿಂದಿನ ಪುಟದಲ್ಲಿದೆ. ಗಂಡ ಕೇಳಿದಾಗ ಬೇಡ ಅನ್ನಬಹುದು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಓದುವಾಗ ನೀನೂ ದೊಡ್ಡದಾಗಿ ಓದು. ಗಿರಣಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ನಿನಗೊಂದು ಸುಳ್ಳು ಹೇಳಿದ್ದೆ. ಗುರುವಾರದ ತರಗತಿ ಚೆನ್ನಾಗಿ ನಡೆಯುತ್ತಿಲ್ಲ. ಕುರ್ಚಿ ಜೋಡಿಸುತ್ತೇನೆ, ಪಟ ತೂಗುಹಾಕುತ್ತೇನೆ, ಯಾರೂ ಬರುವುದಿಲ್ಲ. ಒಂದಿಬ್ಬರು ತಾಯಂದಿರು ಬಂದು, ನಮಗೆ ಹೇಳಿ, ಮಕ್ಕಳಿಗೆ ನಾವು ಹೇಳುತ್ತೇವೆ ಅನ್ನುತ್ತಾರೆ. ಹೇಳುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಇಲ್ಲದ ಕುತೂಹಲ ಹುಟ್ಟಿಸಬೇಡಿ ಸಿಸ್ಟರ್ ಎಂದು ದೊಡ್ಡ ಡಾಕ್ಟರೇ ಹೇಳಿದ್ದಾರೆ. ನಿನ್ನ ಒದ್ದೆ ಚಾದರಗಳ ನಡುವೆ ನನ್ನ ತರಗತಿ ನಡೆಯುತ್ತಿದೆ ಎಂದು ಓದಿ ಒಂದು ಕ್ಷಣ ಕೂತಲ್ಲೇ ಕೂತೆ.

ಈಗ ಗುರುವಾರ ಮುಂದಿನ ಕುರ್ಚಿಯಲ್ಲಿ ಕೊಕ್ಕರೆ ಕೂರುತ್ತಾಳೆ. ನಡುಕ ಕಡಿಮೆಯಾಗಿದೆ. ನಿನ್ನ ಯೋಚನೆ ಏನೆಂದು ಬರೆಯದೆ ಏನೂ ಮಾಡಬೇಡ. ಚಿಕ್ಕವಳಿದ್ದಾಗ ಸಿಟ್ಟು ಬಂದರೆ ನೀನು ಕೂಗುತ್ತಿರಲಿಲ್ಲ, ನಿನ್ನ ಅಕ್ಷರ ದುಂಡಗಾಗುತ್ತಿತ್ತು. ಈ ಸಲದ ಕಾಗದದಲ್ಲಿ ಅಕ್ಷರ ಬಹಳ ದುಂಡಗಿದೆ.

ಅಕ್ಕ


ಸೆಪ್ಟೆಂಬರ್ 6

ಅಕ್ಕಾ,

ಬರೆಯದೆ ಮಾಡಿದೆ. ಬರೆದಿದ್ದರೆ ನೀನು ಬೇಡ ಅನ್ನುತ್ತಿದ್ದೆ.

ಹೋದ ತಿಂಗಳಿಡೀ ನಾವು ಯಾರೂ ಬಿಲ್ಲೆ ಇಳಿಸಲಿಲ್ಲ. ಒಬ್ಬಳೂ ಇಲ್ಲ. ಪ್ಯಾಡುಗಳನ್ನು ದಾರದಂಗಡಿಯಾಕೆ ನೂಲಿನ ಉಂಡೆಗಳ ಕೆಳಗಿಟ್ಟು ಕೊಟ್ಟರು. ನಡುವೆ ಒಂದಿಬ್ಬರು ಹೆದರಿದರು. ನಿನ್ನದೊಂದು ಮೇಲಿದ್ದರೆ ನಿನ್ನ ಪೆಟ್ಟಿಗೆ ಗೇಟಿನ ಹೊರಗೆ, ಎಲ್ಲರದೂ ಮೇಲಿದ್ದರೆ ಪೆಟ್ಟಿಗೆ ಹೊರುವವರು ಯಾರು ಎಂದು ಇಸ್ತ್ರಿಯವಳೇ ಅವರನ್ನು ಸುಮ್ಮನಾಗಿಸಿದಳು.

ಕೀಲಿಗೊಂಚಲು ಮೊದಲ ವಾರ ಗಮನಿಸಲಿಲ್ಲ. ಎರಡನೆಯ ವಾರ ಕೋಣೆಯಿಂದ ಹೊರಬಂದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದರು. ಆಮೇಲಾಮೇಲೆ ತಲೆ ತಗ್ಗಿಸಿ ಹೋಗತೊಡಗಿದರು. ಒಬ್ಬಳನ್ನು ಹೊರಹಾಕಿದ ಬಾಯಿಗೆ ಎಲ್ಲರನ್ನೂ ಕೇಳುವ ಧೈರ್ಯ ಬರಲಿಲ್ಲ. ವಿಷಯ ಮುಚ್ಚಿಹೋಗುತ್ತಿತ್ತೇನೋ. ಆದರೆ ಸ್ಟೋರ್ ಮಾವ ನಿಯತ್ತಿನ ಮನುಷ್ಯ. ಈ ತಿಂಗಳು ಒಂದು ಪೊಟ್ಟಣವೂ ಹೋಗಿಲ್ಲ, ಹೊಸದು ಕಳಿಸಬೇಡಿ ಎಂದು ತಾವೇ ಕಚೇರಿಗೆ ಹೇಳಿಬಿಟ್ಟರು.

ಮ್ಯಾನೇಜರು ಹಾಸ್ಟೆಲಿಗೆ ಬಂದರು. ನಾವು ಮೆಟ್ಟಿಲ ಮೇಲೆ ನಿಂತಿದ್ದೆವು. ಹಲಗೆಯನ್ನು ನೋಡಿ, ಇದೇನು ಎಂದು ಕೇಳಿದರು. ಕೀಲಿಗೊಂಚಲು ವಿವರಿಸಲೇಬೇಕಾಯಿತು. ಆಕೆಯ ನಿಯಮದ ಪ್ರಕಾರ ನಾವೆಲ್ಲ ಬಸಿರಿಯರು, ಎಲ್ಲರನ್ನೂ ಮನೆಗೆ ಕಳಿಸಬೇಕು.

"ಕಳಿಸಿ, ಅಂಗಿ ನೀವು ಹೊಲೀರಿ," ಎಂದರು ಮ್ಯಾನೇಜರು. ಆಮೇಲೆ ಆಚೀಚೆ ನೋಡಿ, "ಒಳಗೆ ಓಡಾಡೋ ಗಂಡಸು ಅಂದ್ರೆ ನಿಮ್ಮ ಯಜಮಾನ್ರು ಒಬ್ಬರೇ ಅಲ್ವಾ?" ಎಂದು ಜೋರಾಗಿ ನಕ್ಕರು.

ಸ್ಟೋರ್ ಮಾವ ಅಲ್ಲೇ ಸ್ಟೂಲ್ ಮೇಲೆ ನಿಂತು ಬಲ್ಬು ಹಾಕುತ್ತಿದ್ದರು. ಕೆಳಗಿಳಿಯಲು ಹೊರಟು, ಇಳಿಯಲಾರದೆ, ಬಲ್ಬು ಹಿಡಿದುಕೊಂಡು ಹಾಗೇ ನಿಂತರು. ಕೀಲಿಗೊಂಚಲು ಅವರ ಮುಖ ನೋಡಿದರು. ಅಕ್ಕಾ, ಊಟದ ಹಾಲಿನಲ್ಲಿ ಕೊಕ್ಕರೆಯ ಕಡೆ ನೋಡಿದ್ದ ಅದೇ ನೋಟ.

ಆ ಮಾತು ಯಾರ ಬಾಯಿಂದಲಾದರೂ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. ಆ ಒಂದು ಮಾತಿಗಾಗಿಯೇ ತಿಂಗಳಿಡೀ ಕಾದಿದ್ದೆ.

ಗುಬ್ಬಿ


ಸೆಪ್ಟೆಂಬರ್ 14

ಗುಬ್ಬೀ,

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆಯಲ್ಲೇ. ಆ ಮನುಷ್ಯ ಏನು ಮಾಡಿದ್ದ? ಪೆಟ್ಟಿಗೆ ಹೊತ್ತು ತಂದವನು ಎಂದು ನೀನೇ ಬರೆದಿದ್ದೆ. ನಾನು ಕಲಿಸಿದ್ದು ಹುಡುಗಿಯರ ಹೆದರಿಕೆ ಹೋಗಲಿ ಎಂದು, ಇನ್ನೊಬ್ಬರ ಮನೆಯಲ್ಲಿ ಹೆದರಿಕೆ ಹುಟ್ಟಲಿ ಎಂದಲ್ಲ. ಇವತ್ತೇ ಆಕೆಗೆ ನಿಜ ಹೇಳು.

ಇಷ್ಟು ಬರೆದು ಕೊಕ್ಕರೆಗೆ ಓದಿದೆ. ಅವಳು ಒಳ್ಳೆಯ ಮನಸ್ಸಿನವಳು, ಹೌದು ಅಕ್ಕ ಹೇಳಿಬಿಡಲಿ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಇದು:

"ಇನ್ನೂ ಸ್ವಲ್ಪ ದಿನ ಇರಲಿ ಅಕ್ಕ. ನಾನು ಎರಡು ತಿಂಗಳು ಆ ಬಾಗಿಲ ಮುಂದೆ ಓಡಾಡಿದ್ದೀನಿ."

ಅವಳ ಮಾತನ್ನು ನಿನ್ನಿಂದ ಮುಚ್ಚಿಡುವ ಹಕ್ಕು ನನಗಿಲ್ಲ. ನನ್ನ ಮಾತನ್ನೂ ಬದಲಿಸುವುದಿಲ್ಲ.

ಅಕ್ಕ


ಸೆಪ್ಟೆಂಬರ್ 27

ಅಕ್ಕಾ,

ಸ್ಟೋರ್ ಮಾವ ಈಗ ಹಾಸ್ಟೆಲಿನ ಒಳಗೆ ಬರುವುದಿಲ್ಲ. ಹೆಂಡತಿಯ ಆಜ್ಞೆ. ಸರಕು ಇಳಿಸುವ ಕಟ್ಟೆಯ ಮೇಲೆ ಕೂತು ಒಬ್ಬರೇ ಊಟ ಮಾಡುತ್ತಾರೆ. ಮೊದಲು ನಮ್ಮನ್ನು ಕಂಡರೆ "ಏನ್ ತಾಯಿ" ಎನ್ನುತ್ತಿದ್ದರು, ಈಗ ಡಬ್ಬಿಯೊಳಗೆ ನೋಡುತ್ತಾರೆ. ಅವರ ವಿಷಯದಲ್ಲಿ ನೀನು ಹೇಳಿದ್ದು ಸರಿ. ಅದು ನನಗೆ ಇದನ್ನೆಲ್ಲ ಮಾಡುವ ಮುಂಚೆಯೂ ಗೊತ್ತಿತ್ತು.

ಮೊನ್ನೆ ನಲ್ಲಿಯ ಹತ್ತಿರ ಕೀಲಿಗೊಂಚಲು ನನ್ನನ್ನು ಹಿಡಿದರು. ತಾರಸಿಯ ಪಾಠ ಅವರ ಕಿವಿಗೆ ಬಿದ್ದಿದೆ. ಅಕ್ಕ ಆಸ್ಪತ್ರೆಯಲ್ಲಿದ್ದಾರಂತಲ್ಲ ಎಂದು ಶುರುಮಾಡಿದರು. ಬಕೆಟ್ ತುಂಬಿ ಹರಿಯಿತು, ನಲ್ಲಿ ನಿಲ್ಲಿಸುವುದು ಇಬ್ಬರಿಗೂ ನೆನಪಾಗಲಿಲ್ಲ. ಕೊನೆಗೆ ಪಿಸುಗುಟ್ಟಿದರು:

"ಗಂಡಸಿಲ್ಲದೆ ನಿಲ್ಲುತ್ತಾ?"

ಆಕೆಯ ಕಣ್ಣು ಕೆಂಪಗಿತ್ತು. ನಿದ್ದೆ ಮಾಡಿರಲಿಲ್ಲ ಎಂದು ಕಾಣುತ್ತದೆ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ನೀನು ಬರೆದಿದ್ದ ಅದೇ ಕ್ರಮದಲ್ಲಿ. ಈ ಸಲ ನನ್ನ ಬಾಯಿ ಒಣಗಲಿಲ್ಲ.

"ನನಗೇನು ಗೊತ್ತಮ್ಮ. ಮೂರು ಹೆತ್ತವರು ನೀವು."

ಬಕೆಟ್ ಎತ್ತಿಕೊಂಡು ಬಂದೆ. ಆ ದಿನ ಹೊಟ್ಟೆ ತುಂಬ ಊಟ ಮಾಡಿದೆ.

ಇನ್ನೊಂದು ವಿಷಯ. ಈ ತಿಂಗಳು ನನ್ನದೇ ಡೇಟ್ ಮುಂದೆ ಹೋಗಿದೆ. ನಿಜವಾಗಿ. ಯಾರೂ ಇಲ್ಲ ಅಕ್ಕ, ನನ್ನನ್ನು ನಂಬು, ಚಿಂತೆಯಿಂದ ಅಷ್ಟೇ. ಕಾರಣಗಳೆಲ್ಲ ನನಗೆ ಬಾಯಿಪಾಠ, ಊರಿಗೆಲ್ಲ ಓದಿ ಹೇಳಿದವಳೇ ನಾನು. ಆದರೂ ಆ ಬಾಗಿಲ ಮುಂದೆ ಹೋದಾಗ ತಲೆ ತಗ್ಗಿಸಿ ಬೇಗ ದಾಟುತ್ತೇನೆ. ಗೊತ್ತಿದ್ದವಳಿಗೇ ಹೀಗಾದರೆ, ಏನೂ ಗೊತ್ತಿಲ್ಲದ ಕೊಕ್ಕರೆಗೆ ಹೇಗಾಗಿರಬೇಕು? ಇದು ಹೊಳೆದ ಮೇಲೆ, ಕೀಲಿಗೊಂಚಲಿಗೆ ಗುಟ್ಟಾಗಿ ಹೇಳಿ ಮುಗಿಸಿಬಿಡೋಣ ಅಂದುಕೊಂಡಿದ್ದ ಮನಸ್ಸೂ ಹೋಯಿತು. ಕೊಕ್ಕರೆಗೆ ಊಟದ ಹಾಲಿನಲ್ಲಿ ಎಲ್ಲರ ಮುಂದೆ ಆಯಿತು. ಆಕೆಗೂ ಹಾಲಿನಲ್ಲೇ ಆಗಬೇಕು. ಉತ್ತರ ಬೇಕಿದ್ದರೆ ಅಲ್ಲಿ ಕೊಡುತ್ತೇನೆ, ಆದರೆ ಓದುವವರು ಆಕೆ.

ಗುಬ್ಬಿ


ಅಕ್ಟೋಬರ್ 8

ಅಕ್ಕಾ,

ಆಯಿತು.

ಭಾನುವಾರ ಊಟದ ಹೊತ್ತಿಗೆ ನಿನ್ನ ಹಾಳೆಯನ್ನು ಆಕೆಯ ಕೈಗೆ ಕೊಟ್ಟೆ. ಜೋರಾಗಿ ಓದಿದರೆ ನಿಮಗೆ ಬೇಕಾದ್ದು ಸಿಗುತ್ತದೆ ಎಂದೆ. ಮೊದಲು ಕಣ್ಣಿನಲ್ಲೇ ಓದಲು ನೋಡಿದರು. ನಾನು ಹಾಳೆ ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ. ಆಗ ನಿಂತುಕೊಂಡರು.

ಮುಟ್ಟು ಎನ್ನುವುದನ್ನು ನುಂಗಿದರು. ಗರ್ಭಕೋಶ ಎನ್ನುವಲ್ಲಿ ಕೆಮ್ಮು ಬಂತು. ಆಕೆ ಮೂರು ಹೆತ್ತಿದ್ದಾರೆ, ಆದರೆ ಆ ಶಬ್ದ ಅವರ ಬಾಯಿಂದ ಹೊರಬಂದದ್ದು ಅದೇ ಮೊದಲಿರಬೇಕು. ಹಿಂದಿನ ಮೇಜಿನಿಂದ ಗಿರಣಿ ಕೂಗಿದಳು:

"ಅಮ್ಮಾ, ಕೇಳಿಸ್ಲಿಲ್ಲ."

ಮತ್ತೆ ಓದಿದರು. ಇಸ್ತ್ರಿಯವಳು, ಇನ್ನೂ ಕೇಳಿಸ್ತಿಲ್ಲಮ್ಮ ಎಂದಳು. ಮತ್ತೆ ಓದಿದರು. ಹಾಗೆ ಒಂದೊಂದು ಕಾರಣಕ್ಕೂ. ಥೈರಾಯ್ಡ್ ಎನ್ನುವಲ್ಲಿಗೆ ಬಂದಾಗ, ಹಸಿವು ಹೆಚ್ಚುತ್ತದೆ, ಮೈ ಇಳಿಯುತ್ತದೆ, ಕೈ ನಡುಗುತ್ತದೆ ಎಂದು ಓದುತ್ತಾ ಓದುತ್ತಾ ಆಕೆಯ ದನಿ ತಾನೇ ನಿಂತಿತು. ಕೊಕ್ಕರೆ ಕೂರುತ್ತಿದ್ದ ಜಾಗವನ್ನು ನೋಡಿದರು. ಅಲ್ಲಿ ಈಗ ಯಾರೂ ಕೂರುವುದಿಲ್ಲ. ನಾವು ಯಾರೂ ಸಹಾಯಕ್ಕೆ ಹೋಗಲಿಲ್ಲ.

ಆಮೇಲೆ ಗಿರಣಿ ಎದ್ದು, ನಾವೆಲ್ಲ ಆಗಸ್ಟಿನಲ್ಲಿ ಮುಟ್ಟಾಗಿದ್ದೆವು, ಬಿಲ್ಲೆ ಇಳಿಸಿರಲಿಲ್ಲ ಅಷ್ಟೇ ಎಂದು ಹೇಳಿದಳು. ಕೀಲಿಗೊಂಚಲು ಕೂತರು. ಆ ಹುಡುಗಿಯನ್ನು ವಾಪಸು ಕರೆಸುತ್ತೇನೆ, ಗಂಡಿನ ಮನೆಗೂ ನಾನೇ ಫೋನ್ ಮಾಡಿ ತಪ್ಪಾಯಿತು ಎನ್ನುತ್ತೇನೆ ಎಂದರು. ನಮ್ಮೆದುರೇ ಮಾಡಿದರು. ತಮ್ಮ ಗಂಡನ ಹೆಸರು ಎತ್ತಲಿಲ್ಲ.

ನನ್ನ ಡೇಟ್ ಮರುದಿನವೇ ಬಂತು. ನಗಬೇಡ.

ಹಲಗೆ ತೆಗೆಸಲು ಕಚೇರಿಯಿಂದ ಹೇಳಿದ್ದಾರೆ. ಪ್ಯಾಡುಗಳು ಇನ್ನು ಬಚ್ಚಲಿನ ಪಕ್ಕದ ಕಪಾಟಿನಲ್ಲಿ ಇರುತ್ತವೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಕೇಳುವವರಿಲ್ಲ. ಕೊಕ್ಕರೆ ಯಾವಾಗ ಬರುತ್ತಾಳೆ ಎಂದು ಬರೆ.

ಗುಬ್ಬಿ


ಅಕ್ಟೋಬರ್ 19

ಗುಬ್ಬೀ,

ಅವಳು ಬರುವುದಿಲ್ಲವಂತೆ. ಗಂಡಿನ ಮನೆಯವರು ಫೋನ್ ಮಾಡಿ, ಈಗ ಎಲ್ಲ ಸರಿಹೋಯಿತಲ್ಲ ಎಂದರಂತೆ. ನಿಮಗೆ ಸರಿಹೋಗಿದೆ ಎಂದು ಹೇಳಿ ಇಟ್ಟುಬಿಟ್ಟಳು. ಇಲ್ಲೇ ಒಂದು ಹೊಲಿಗೆಯಂಗಡಿಗೆ ಸೇರಿದ್ದಾಳೆ. ಕಾಜಾ ನೇರವಾಗಿ ಬೀಳುತ್ತಿದೆ. ಮುಟ್ಟು ಹೋದ ವಾರ ಬಂತು. ನನ್ನ ಮನೆಯ ಕ್ಯಾಲೆಂಡರಿನ ಮುಂದೆ ನಿಂತು ಗುರುತು ಹಾಕಲು ಪೆನ್ಸಿಲ್ ಎತ್ತಿದವಳು, ಹಾಕದೆ ಇಟ್ಟಳು.

ಹೋದ ಗುರುವಾರ ಅಂಗಡಿಯ ಜೊತೆಗಾತಿಯರನ್ನು ಕರೆದುಕೊಂಡು ಬಂದಳು. ಕುರ್ಚಿಗಳು ತುಂಬಿದವು. ಗಡಿಯಾರದ ಕಥೆಯನ್ನು ಅವಳೇ ಹೇಳಿದಳು. ಯಾರೂ ನಗಲಿಲ್ಲ.

ಲಕೋಟೆಯಲ್ಲಿ ಒಂದು ವಸ್ತು ಇದೆ, ಕಾಗದ ಬಿಚ್ಚುವಾಗ ಬೀಳಿಸಿಕೊಳ್ಳಬೇಡ. ಅವಳ ಬಿಲ್ಲೆ. ಅವತ್ತು ಗೇಟು ದಾಟುವಾಗ ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಿದ್ದಳಂತೆ, ಇಷ್ಟು ದಿನ ನನಗೂ ತೋರಿಸಿರಲಿಲ್ಲ. ಹಲಗೆ ತೆಗೆಯಬಾರದಂತೆ. ಉಳಿದ ಬಿಲ್ಲೆಗಳನ್ನೆಲ್ಲ ತೆಗೆದು, ಇದೊಂದನ್ನು ಮೇಲಿನ ಕೊಕ್ಕೆಗೆ ಹಾಕಬೇಕಂತೆ. ಯಾವತ್ತೂ ಇಳಿಸಬಾರದಂತೆ.

ಬೇಡ ಎಂದು ಬರೆಯಲು ಕೂತಿದ್ದೆ. ಬರೆಯಲಾಗಲಿಲ್ಲ. ಹಾಕು.

ಸ್ಟೋರಿನ ಆ ಮನುಷ್ಯನಿಗೆ ಮಾತ್ರ ನೀನೇ ಹೋಗಿ ಹೇಳಬೇಕು. ಅದನ್ನು ನಾನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಅಕ್ಕ


ನವೆಂಬರ್ 2

ಅಕ್ಕಾ,

ಹೋಗಿ ಹೇಳಿದೆ. ಕಟ್ಟೆಯ ಮೇಲೆ ಊಟ ಮಾಡುತ್ತಿದ್ದರು. ಎಲ್ಲ ನನ್ನದೇ ಯೋಚನೆ, ನಿಮ್ಮ ಮೇಲೆ ಮಾತು ಬರುತ್ತದೆಂದು ಗೊತ್ತಿದ್ದೇ ಮಾಡಿದೆ ಎಂದೆ. ಸ್ಟೋರ್ ಮಾವ ಡಬ್ಬಿ ಮುಚ್ಚಿದರು. ಆ ಹುಡುಗಿ ಹುಷಾರಾಗಿದ್ದಾಳಾ ಎಂದಷ್ಟೇ ಕೇಳಿದರು. ಹುಷಾರಾಗಿದ್ದಾಳೆ ಎಂದೆ. ಸರಿ ಎಂದು ಎದ್ದು ಹೋದರು. ಅವರು ಗೋದಾಮಿಗೆ ವರ್ಗ ಕೇಳಿ ಹಾಕಿಸಿಕೊಂಡಿದ್ದಾರೆ. ಅವತ್ತಿನಿಂದ ಹಾಸ್ಟೆಲಿನ ಬಲ್ಬುಗಳನ್ನು ನಾನೇ ಹಾಕುತ್ತೇನೆ. ಆ ಸ್ಟೂಲು ಅಲುಗಾಡುತ್ತದೆ, ಅವರು ಹೇಗೆ ನಿಲ್ಲುತ್ತಿದ್ದರೋ.

ಹಲಗೆ ತೆಗೆಯಲು ಬಡಗಿ ಬಂದಿದ್ದ. ಅದು ಇರಲಿ ಎಂದು ನಾನು ಹೇಳಿದೆ. ಅವನು ಕೀಲಿಗೊಂಚಲಿನ ಕಡೆ ನೋಡಿದ, ಆಕೆ ನನ್ನ ಕಡೆ ನೋಡಿದರು. ಆಕೆಯ ಕಣ್ಣೆದುರೇ ಸ್ಟೂಲ್ ಹತ್ತಿ, ಉಳಿದವನ್ನೆಲ್ಲ ತೆಗೆದು, ಕೊಕ್ಕರೆಯ ಬಿಲ್ಲೆಯನ್ನು ಮೇಲಿನ ಸಾಲಿನ ಅದರ ಕೊಕ್ಕೆಗೇ ಹಾಕಿದೆ. ಬಡಗಿ ಸಾಮಾನು ಎತ್ತಿಕೊಂಡು ಹೋದ.

ಈಗ ಅಷ್ಟು ದೊಡ್ಡ ಹಲಗೆಯಲ್ಲಿ ಅದೊಂದೇ ಇದೆ. ಆಕೆ ಮೊದಲು ಬಾಗಿಲನ್ನು ದಡಾರನೆ ಹಾಕುತ್ತಿದ್ದರು, ಆ ಸದ್ದಿಗೇ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ಮೊದಲ ಎರಡು ದಿನ ಹಾಗೆ ಹಾಕಿದಾಗಲೆಲ್ಲ ತಲೆಯ ಮೇಲೆ ಬಿಲ್ಲೆ ಅಲುಗಾಡಿ ಟಿಣ್ ಎನ್ನುತ್ತಿತ್ತು. ಆಕೆ ನಿಂತು, ಅದು ಸುಮ್ಮನಾಗುವವರೆಗೆ ಕಾಯುತ್ತಿದ್ದರು.

ಈಗೀಗ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ, ಸದ್ದಾಗದಂತೆ ಹಾಕುತ್ತಾರೆ. ಒಂದೊಂದು ಸಲ ಆಕೆ ಹೋದ ಮೇಲೆ ನಾನು ಹೋಗಿ ಬೆರಳಿನಿಂದ ಅದನ್ನು ತಟ್ಟಿ ಬರುತ್ತೇನೆ.

ಗುಬ್ಬಿ